ಚುಕ್ಕಾಣಿ ಲಟಲಟ ಎನ್ನುತ್ತಿದೆಯೆ? ಸಣ್ಣ ಹಾಯಿದೋಣಿಗೆ ದೋಷ ನಿವಾರಣೆ ಕೈಪಿಡಿ

ದೋಣಿ ಗಾಳಿ ಹಿಡಿದು ಓಡುವಾಗ ಹಿಂಬದಿಯಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ. ಟಿಲ್ಲರನ್ನು (ಚುಕ್ಕಾಣಿ ತಿರುಗಿಸುವ ಹಿಡಿಗೋಲು) ಎರಡು ಬೆರಳಗಲ ಸರಿಸಿದರೂ ದೋಣಿಗೆ ಅದು ಗೊತ್ತೇ ಆಗುವುದಿಲ್ಲ. ದಡಕ್ಕೆ ಎಳೆದು ನೋಡಿದರೆ ಚುಕ್ಕಾಣಿ ಕೂತಿರುವ ಬಳೆಯ ಸ್ಕ್ರೂ ಕೆಳಗೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಸ್ಕ್ರೂಡ್ರೈವರ್ ತಂದು ತಿರುವುವುದು. ಅರ್ಧ ಸುತ್ತು ಬಿಗಿಯಾಗುತ್ತದೆ, ಸಮಾಧಾನವಾಗುತ್ತದೆ, ಮುಂದಿನ ಭಾನುವಾರ ಮತ್ತೆ ಅದೇ ಸದ್ದು. ನಾಲ್ಕನೆಯ ಸಲಕ್ಕೆ ಸ್ಕ್ರೂ ಹಿಡಿಯದೆ ಸುಮ್ಮನೆ ಸುತ್ತತೊಡಗುತ್ತದೆ.

ಆ ಸ್ಕ್ರೂ ತಾನಾಗಿ ಸಡಿಲವಾದದ್ದು ಅಪರೂಪ. ಅದರ ಹಿಂದಿನ ಮರವೋ ಫೈಬರೋ ಸೋತಿರುತ್ತದೆ. ಇಲ್ಲವೇ ದೋಷ ಬೇರೆ ಕೀಲಿನಲ್ಲಿದ್ದು, ಬಳೆ ಅದರ ಹೊಡೆತ ತಿನ್ನುತ್ತಿರುತ್ತದೆ. ಆದ್ದರಿಂದ ಯಾವ ಕೀಲು ಸಡಿಲ ಎಂದು ಖಚಿತವಾಗುವ ತನಕ ಏನನ್ನೂ ಬಿಗಿ ಮಾಡಬೇಡಿ. ಬಿಗಿ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಇಲ್ಲಿನ ವಿವರಗಳು ಆಪ್ಟಿಮಿಸ್ಟ್, ಲೇಸರ್ (2019ರಿಂದ ಐಎಲ್‌ಸಿಎ ಎಂಬ ಹೆಸರು) ಮತ್ತು ಅವುಗಳ ಅಳತೆಯ ಫೈಬರ್ ದೋಣಿಗಳಿಗೆ ಹೊಂದುತ್ತವೆ. ಆಪ್ಟಿಮಿಸ್ಟ್ 2.3 ಮೀಟರ್ ಉದ್ದದ ತೆರೆದ ದೋಣಿ, ಒಳಗಿನಿಂದ ಕೈ ಹಾಕಬಹುದು. ಲೇಸರ್ 4.23 ಮೀಟರ್ ಉದ್ದದ ಮುಚ್ಚಿದ ಡಬ್ಬಿ, ಬಳೆಯ ಹಿಂಬದಿ ಕಣ್ಣಿಗೂ ಕಾಣದು, ಕೈಗೂ ಸಿಗದು. ರಿಪೇರಿಯ ದಾರಿ ಬೇರೆಯಾಗುವುದು ಈ ಒಂದು ವ್ಯತ್ಯಾಸದಿಂದ.

ಭಾಗಗಳು, ಹೆಸರುಗಳು

ದೋಣಿಯ ಹಿಂಬದಿಯ ಚಪ್ಪಟೆ ಗೋಡೆ ಟ್ರಾನ್ಸಮ್. ಅದಕ್ಕೆ ಬಡಿದಿರುವ ತೂತುಳ್ಳ ಎರಡು ಲೋಹದ ಅಥವಾ ಪ್ಲಾಸ್ಟಿಕ್ ತುಂಡುಗಳು ಬಳೆಗಳು. ಅಂಗಡಿಯಲ್ಲಿ ಗಜನ್ ಎಂದು ಕೇಳಬೇಕು. ಚುಕ್ಕಾಣಿಯ ಕಡೆಯಿಂದ ಬಂದು ಆ ತೂತಿಗೆ ಇಳಿಯುವ ಎರಡು ಕಡ್ಡಿಗಳು ಗೂಟಗಳು, ಅವಕ್ಕೆ ಪಿಂಟಲ್ ಎನ್ನುತ್ತಾರೆ. ತೋಟದ ಕಬ್ಬಿಣದ ಗೇಟು ಗೋಡೆಯ ಕೊಂಡಿಗಳ ಮೇಲೆ ಕೂತು ತಿರುಗುತ್ತದಲ್ಲ, ಅದೇ ಏರ್ಪಾಡು. ಗೂಟಗಳನ್ನು ಹೊತ್ತ, ಸಾಮಾನ್ಯವಾಗಿ ಅಲ್ಯೂಮಿನಿಯಂನ ಭಾಗ ಚುಕ್ಕಾಣಿಯ ತಲೆ. ತಲೆಯ ಎರಡು ಕೆನ್ನೆಗಳ ನಡುವೆ ಒಂದು ಬೋಲ್ಟಿನ ಮೇಲೆ ಮೇಲಕ್ಕೂ ಕೆಳಕ್ಕೂ ಮಡಚುವುದು ಅಲಗು (ಆಪ್ಟಿಮಿಸ್ಟಿನಲ್ಲಿ ಅಲಗು ಮಡಚುವುದಿಲ್ಲ). ತಲೆಯೊಳಗೆ ತೂರಿಸಿದ ಹಿಡಿಗೋಲು ಟಿಲ್ಲರ್ (ಗದ್ದೆ ಉಳುವುದಲ್ಲ). ಅದರ ತುದಿಗೆ ರಬ್ಬರ್ ಕೀಲಿನಿಂದ ಸೇರಿಸಿದ ಉದ್ದ ಕೋಲು ಎಕ್ಸ್‌ಟೆನ್ಷನ್.

ನಿಮ್ಮ ಕೈಗೂ ನೀರಿಗೂ ನಡುವೆ ಹೀಗೆ ಆರೇಳು ಕೀಲುಗಳಿವೆ. ಕೈಗೆ ತಟ್ಟುವ ಸಡಿಲ ಅವೆಲ್ಲದರ ಒಟ್ಟು ಮೊತ್ತ. ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಆಟವಿದ್ದರೂ ಸಾಕು, ಚುಕ್ಕಾಣಿ ಕೆಟ್ಟಿದೆ ಎನ್ನಿಸುತ್ತದೆ.

ಕೆಳಗಿನ ಬಳೆಯೇ ಏಕೆ ಮೊದಲು ಸೋಲುತ್ತದೆ

ಲೆಕ್ಕ ಹಾಕಿ ನೋಡಿ. ನೀರಿನಲ್ಲಿರುವ ಅಲಗಿನ ವಿಸ್ತೀರ್ಣ 0.1 ಚದರ ಮೀಟರ್, ವೇಗ 5 ನಾಟ್ (ಸೆಕೆಂಡಿಗೆ ಸುಮಾರು 2.6 ಮೀಟರ್) ಎಂದುಕೊಳ್ಳೋಣ. ಚುಕ್ಕಾಣಿಯನ್ನು ಜೋರಾಗಿ ತಿರುಗಿಸಿದಾಗ ಅಡ್ಡಕ್ಕೆ ಬೀಳುವ ನೂಕು ಹತ್ತಿರ ಹತ್ತಿರ 27 ಕೆ.ಜಿ. ಈ ನೂಕು ಕೆಳಗಿನ ಬಳೆಗಿಂತ 30 ಸೆಂ.ಮೀ. ಕೆಳಗೆ ಬೀಳುತ್ತದೆ, ಎರಡು ಬಳೆಗಳ ನಡುವೆ 20 ಸೆಂ.ಮೀ. ಅಂತರ ಎಂದಿಟ್ಟುಕೊಂಡರೆ ಸನ್ನೆಗೋಲಿನ ಲೆಕ್ಕದಲ್ಲಿ ಮೇಲಿನ ಬಳೆಗೆ 40 ಕೆ.ಜಿ., ಕೆಳಗಿನದಕ್ಕೆ ಅದಕ್ಕೆದುರು ದಿಕ್ಕಿನಲ್ಲಿ 67 ಕೆ.ಜಿ. ವೇಗ ಇಮ್ಮಡಿಯಾದರೆ, ಅದೇ ಕೋನದಲ್ಲಿ, ಈ ಅಂಕಿಗಳೆಲ್ಲ ನಾಲ್ಕು ಪಟ್ಟು.

ಮಾತು ಇಲ್ಲಿಗೇ ಮುಗಿಯುವುದಿಲ್ಲ. ಗೂಟ ಟ್ರಾನ್ಸಮಿಗೆ ಅಂಟಿಕೊಂಡಿಲ್ಲ, ಎರಡು ಎರಡೂವರೆ ಸೆಂ.ಮೀ. ಹೊರಗೆ ನಿಂತಿದೆ. ಹಾಗಾಗಿ ಅಡ್ಡ ನೂಕು ಬಳೆಯನ್ನು ತಿರುಚುತ್ತದೆ: ಒಂದು ಬದಿಯ ಸ್ಕ್ರೂ ಒಳಕ್ಕೆ ಒತ್ತುತ್ತದೆ, ಇನ್ನೊಂದು ಬದಿಯದು ಹೊರಕ್ಕೆ ಕೀಳುತ್ತದೆ. ಸ್ಕ್ರೂಗಳ ನಡುವೆ 40 ಮಿ.ಮೀ. ಇದ್ದರೆ ಆ ಕೀಳುವ ಬಲ 42 ಕೆ.ಜಿ. ಆಸುಪಾಸು. ದೋಣಿ ಮಗ್ಗುಲು ಬದಲಿಸಿದಾಗಲೆಲ್ಲ ಈ ಕೀಳಾಟದ ಬದಿಯೂ ಬದಲಾಗುತ್ತದೆ. ಗೋಡೆಗೆ ಹೊಡೆದ ಮೊಳೆಯನ್ನು ಆಚೀಚೆ ಅಲ್ಲಾಡಿಸಿ ಕೀಳುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇದು ನೀರಿನ ಮೇಲಿನ ಕತೆ. ದಡದ ಮೇಲೆ ಆಗುವ ಹಾನಿ ಇದಕ್ಕಿಂತ ಹೆಚ್ಚು. ಅಲಗು ಕೆಳಗಿಳಿದಿರುವಾಗಲೇ ದೋಣಿ ಮರಳಿಗೆ ನುಗ್ಗುವುದು, ಮಗುಚಿದ ದೋಣಿಯನ್ನು ಚುಕ್ಕಾಣಿ ಹಿಡಿದು ಹತ್ತುವುದು, ಚುಕ್ಕಾಣಿ ಕಳಚದೆ ಟ್ರೈಲರಿನಲ್ಲಿ ಗುಂಡಿ ರಸ್ತೆಯ ಮೇಲೆ ಸಾಗಿಸುವುದು, ಈ ಮೂರರಲ್ಲಿ ಒಂದಾದರೂ ನಡೆದಿಲ್ಲದ ದೋಣಿಯಲ್ಲಿ ಕಿತ್ತುಬಂದ ಬಳೆ ಕಾಣುವುದು ಕಡಿಮೆ.

ಪತ್ತೆ: ಇಬ್ಬರು, ಹತ್ತು ನಿಮಿಷ

ದೋಣಿಯನ್ನು ಟ್ರಾಲಿಯ ಮೇಲೆ ನೇರವಾಗಿ ನಿಲ್ಲಿಸಿ, ಚುಕ್ಕಾಣಿ ಹಾಕಿ, ಅಲಗು ಇಳಿಸಿ ಕೆಳಗೆಳೆಯುವ ಹಗ್ಗ ಬಿಗಿದು ಕಟ್ಟಿ. ನೀರಿಗಿಳಿಯುವಾಗ ಹೇಗಿರುತ್ತದೋ ಹಾಗೇ ಇರಲಿ.

ಮೊದಲು ಒಬ್ಬರು ಅಲಗನ್ನು ಎರಡು ಮಂಡಿಗಳ ನಡುವೆ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಟಿಲ್ಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸಲಿ. ಅಲಗು ನಿಂತಿದ್ದು ಟಿಲ್ಲರ್ ಮಾತ್ರ ಆಡಿದರೆ ದೋಷ ಟಿಲ್ಲರ್ ಮತ್ತು ತಲೆಯ ನಡುವೆ, ಅಥವಾ ತಲೆ ಮತ್ತು ಅಲಗಿನ ನಡುವೆ. ಬಳೆಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಈಗ ಅದಲುಬದಲು. ಟಿಲ್ಲರನ್ನು ನಡುವಿನಲ್ಲಿ ಅಲುಗದಂತೆ ಹಿಡಿದು, ಅಲಗಿನ ಕೆಳತುದಿಯನ್ನು ಲೋಲಕದಂತೆ ಪಕ್ಕಕ್ಕೆ ನೂಕಿ. ಇಡೀ ಚುಕ್ಕಾಣಿ ಓರೆಯಾಗಿ ತೂಗಿದರೆ ಸಡಿಲ ಗೂಟದಲ್ಲಿ, ಬಳೆಯಲ್ಲಿ ಅಥವಾ ಟ್ರಾನ್ಸಮಿನಲ್ಲಿ. ತುದಿಯಲ್ಲಿ ಕಾಣುವ ಆಟ ನೋಡಿ ಗಾಬರಿಯಾಗಬೇಡಿ. ಎರಡೂ ಬಳೆಗಳಲ್ಲಿ ತಲಾ 1 ಮಿ.ಮೀ. ಆಟವಿದ್ದು, ಅಂತರ 20 ಸೆಂ.ಮೀ. ಇದ್ದರೆ, 60 ಸೆಂ.ಮೀ. ಕೆಳಗಿನ ತುದಿಯಲ್ಲಿ ಅದು 7 ಮಿ.ಮೀ. ಆಗಿ ಕಾಣುತ್ತದೆ.

ಮೂರನೆಯದು ಬೆರಳ ಪರೀಕ್ಷೆ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ತಿಳಿಯುತ್ತದೆ. ತೋರುಬೆರಳ ತುದಿ ಅರ್ಧ ಬಳೆಯ ಮೇಲೆ, ಅರ್ಧ ಟ್ರಾನ್ಸಮಿನ ಮೇಲೆ ಇರುವಂತೆ ಒತ್ತಿ ಹಿಡಿಯಿರಿ, ಜೊತೆಗಾರ ಅಲಗನ್ನು ತೂಗಲಿ. ಬೆರಳಡಿ ಎರಡು ಮೇಲ್ಮೈ ಬೇರೆಬೇರೆಯಾಗಿ ಸರಿದರೆ ಬಳೆ ಟ್ರಾನ್ಸಮಿನಿಂದ ಬಿಟ್ಟಿದೆ. ಸರಿಯದಿದ್ದರೆ ಅದೇ ಬೆರಳನ್ನು ಗೂಟ–ಬಳೆ ಸೇರುವಲ್ಲಿಗೆ, ಆಮೇಲೆ ಗೂಟ–ತಲೆ ಸೇರುವಲ್ಲಿಗೆ, ಕೊನೆಗೆ ಅಲಗಿನ ಬೋಲ್ಟಿನ ಬಳಿಗೆ ಒಯ್ಯಿರಿ. ಮೇಲಿನ ಬಳೆ, ಕೆಳಗಿನ ಬಳೆ ಎರಡಕ್ಕೂ ಮಾಡಿ. ಒಂದು ಕಡೆ ದೋಷ ಸಿಕ್ಕಿತೆಂದು ನಿಲ್ಲಿಸಬೇಡಿ, ಎರಡು ಕಡೆ ಇರುವುದು ಮಾಮೂಲು.

ಬಳೆ ಮತ್ತು ಟ್ರಾನ್ಸಮ್ ಒಟ್ಟಿಗೇ ಆಡಿದರೆ, ಅಂದರೆ ಗೋಡೆಯೇ ಒಳಕ್ಕೂ ಹೊರಕ್ಕೂ ಉಬ್ಬಿ ಇಳಿದರೆ, ಅದು ಅತಿ ಕೆಟ್ಟ ಸುದ್ದಿ. ಒಳಗಿನ ಮರದ ದಿಮ್ಮಿ ಕೊಳೆತಿದೆ ಅಥವಾ ಫೈಬರಿನ ಪದರಗಳು ಬಿಟ್ಟಿವೆ.

ಸಡಿಲವೇ ಅಲ್ಲದ ಒಂದು ದೂರನ್ನೂ ಇಲ್ಲಿಯೇ ಬೇರ್ಪಡಿಸಿಬಿಡಿ. ಟಿಲ್ಲರ್ ವಿಪರೀತ ಭಾರ, ದೋಣಿ ಪದೇ ಪದೇ ಗಾಳಿಯತ್ತ ತಿರುಗುತ್ತದೆ, ಆದರೆ ದಡದಲ್ಲಿ ಎಲ್ಲ ಬಿಗಿಯಾಗಿಯೇ ಇದೆ ಎನ್ನುವುದಾದರೆ ಕೆಳಗೆಳೆಯುವ ಹಗ್ಗ ನೋಡಿ. ಹಗ್ಗ ಹಿಗ್ಗಿ ಅಲಗು ನೀರಿನೊತ್ತಡಕ್ಕೆ ಹತ್ತು ಹದಿನೈದು ಡಿಗ್ರಿ ಹಿಂದಕ್ಕೆ ಎದ್ದರೆ ನೂಕು ಬೀಳುವ ಜಾಗ ತಿರುಗುವ ಅಕ್ಷದಿಂದ ದೂರವಾಗುತ್ತದೆ, ಕೈಗೆ ಭಾರ ಏರುತ್ತದೆ. ಹಿಗ್ಗದ ಡೈನೀಮಾ ಹಗ್ಗ 4 ಮಿ.ಮೀ. ದಪ್ಪದ್ದು ಹಾಕಿ, ಹಗ್ಗ ಕಚ್ಚಿ ಹಿಡಿಯುವ ಕ್ಲೀಟಿನ ಹಲ್ಲು ಸವೆದಿದ್ದರೆ ಬದಲಿಸಿ. ಅಷ್ಟೇ ಕೆಲಸ.

ಟಿಲ್ಲರ್ ಮತ್ತು ಅಲಗಿನ ಸಡಿಲ

ಇವು ಸುಲಭದವು, ಬೇಗ ಮುಗಿಸೋಣ. ಟಿಲ್ಲರ್ ತಲೆಯೊಳಗೆ ಆಡುತ್ತಿದ್ದರೆ ಹಾಯಿ ರಿಪೇರಿಗೆ ಬಳಸುವ ಅಂಟುಬಟ್ಟೆಯನ್ನು ಒಂದೋ ಎರಡೋ ಸುತ್ತು ಸುತ್ತಿ ತೂರಿಸಿ. ಶಾಶ್ವತವಾಗಬೇಕೆಂದರೆ ಟಿಲ್ಲರಿಗೆ ಕಂದು ಪ್ಯಾಕಿಂಗ್ ಟೇಪ್ ಸುತ್ತಿ, ಅದರ ಮೇಲೆ ಮೇಣ ಸವರಿ, ತಲೆಯ ಒಳಗೋಡೆಗೆ ಗಟ್ಟಿ ಎಪಾಕ್ಸಿ (ಎರಡು ಭಾಗ ಕಲಸಿ ಬಳಸುವ ಅಂಟು) ಬಳಿದು ಟಿಲ್ಲರ್ ತೂರಿಸಿಡಿ. ಮರುದಿನ ಎಳೆದರೆ ಟಿಲ್ಲರ್ ಹೊರಬರುತ್ತದೆ, ಅದರ ಅಚ್ಚು ಒಳಗೆ ಉಳಿಯುತ್ತದೆ. ಎಪಾಕ್ಸಿ ಟೇಪಿಗೆ ಹಿಡಿಯದು. ಎಕ್ಸ್‌ಟೆನ್ಷನ್ನಿನ ರಬ್ಬರ್ ಕೀಲನ್ನು ಪೂರ್ತಿ ಮಡಚಿ ನೋಡಿ, ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಬದಲಿಸಿ. ಅದು ಮುರಿಯುವುದು ಯಾವಾಗಲೂ ಜೋರು ಗಾಳಿಯ ದಿನವೇ.

ಅಲಗು ಕೆನ್ನೆಗಳ ನಡುವೆ ಆಡುತ್ತಿದ್ದರೆ ಬೋಲ್ಟು ಬಿಗಿಯುವುದು ಅರ್ಧ ಉತ್ತರ ಮಾತ್ರ. ಅತಿ ಬಿಗಿದರೆ ಅಲಗು ಇಳಿಯದು, ಕೆನ್ನೆಗಳು ಒಳಕ್ಕೆ ಬಾಗುತ್ತವೆ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯ ಗೋಡೆಯನ್ನು ವೃತ್ತಾಕಾರವಾಗಿ ಕತ್ತರಿಸಿ, ನಡುವೆ ಬೋಲ್ಟಿನ ತೂತು ಮಾಡಿ, ಅಲಗಿನ ಎರಡೂ ಬದಿಗೆ ಒಂದೊಂದು ಹಾಳೆ ತುಂಬಿ. ತೂರಿಸಿದ ಮೇಲೆ ಅಲಗು ಬಿಟ್ಟಲ್ಲೇ ನಿಲ್ಲಬೇಕು, ಕೈಯಿಂದ ಒತ್ತಿದರೆ ಇಳಿಯಬೇಕು. ಬೋಲ್ಟಿನ ತೂತೇ ಅಂಡಾಕಾರವಾಗಿದ್ದರೆ ಅದನ್ನು ಎಪಾಕ್ಸಿಯಿಂದ ತುಂಬಿ ಮತ್ತೆ ಕೊರೆಯುವುದೇ ಸರಿ.

ಗೂಟ ಸವೆದಿದೆಯೋ, ಮೊದಲಿನಿಂದಲೇ ಹೊಂದುತ್ತಿರಲಿಲ್ಲವೋ

ವರ್ನಿಯರ್ ಕ್ಯಾಲಿಪರ್ ಇಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಗೂಟದ ಸವೆಯದ ಬುಡದಲ್ಲಿ ಒಮ್ಮೆ, ಬಳೆಯೊಳಗೆ ತಿರುಗುವ ಜಾಗದಲ್ಲಿ ಒಮ್ಮೆ ಅಳೆಯಿರಿ. ಬಳೆಯ ತೂತನ್ನು ದೋಣಿಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. ಎರಡು ಅಳತೆ ಬೇರೆಯಾದರೆ ತೂತು ಅಂಡಾಕಾರವಾಗಿದೆ. ಗೂಟಕ್ಕಿಂತ ತೂತು 0.2ರಿಂದ 0.4 ಮಿ.ಮೀ. ದೊಡ್ಡದಿದ್ದರೆ ಚೆನ್ನ. 0.7ರವರೆಗೆ ಸಹಿಸಬಹುದು. 1 ಮಿ.ಮೀ. ದಾಟಿದರೆ ಬದಲಿಸಿ, ಏಕೆಂದರೆ ಅಲ್ಲಿಂದಾಚೆ ಗೂಟ ತಿರುಗುವುದಿಲ್ಲ, ಬಡಿಯುತ್ತದೆ. ಬಡಿತವೇ ಸ್ಕ್ರೂಗಳನ್ನು ಕೀಳುವುದು.

ಹೊಸ ಭಾಗ ಹಾಕಿದ ಮೇಲೂ ಸದ್ದು ನಿಲ್ಲಲಿಲ್ಲ ಎನ್ನುವವರು ಅಳತೆಯ ಪದ್ಧತಿ ನೋಡಬೇಕು. ಗೂಟಗಳು ಮಿಲಿಮೀಟರಿನಲ್ಲೂ (6, 8, 10) ಇಂಚಿನಲ್ಲೂ ಬರುತ್ತವೆ. 5/16 ಇಂಚು ಅಂದರೆ 7.94 ಮಿ.ಮೀ., 8ರ ಬಳೆಗೆ ಸರಿಹೋಗುತ್ತದೆ. 3/8 ಇಂಚು ಅಂದರೆ 9.53 ಮಿ.ಮೀ. ಆ ಬಳೆಗೆ 8ರ ಗೂಟ ಹಾಕಿದರೆ ಹೊಚ್ಚಹೊಸದರಲ್ಲೇ ಒಂದೂವರೆ ಮಿಲಿಮೀಟರ್ ಆಟ. ಒಂದು ದೇಶದ ಬಳೆ, ಇನ್ನೊಂದು ದೇಶದ ಗೂಟ ಸೇರಿದ ಹಳೆಯ ದೋಣಿಗಳಲ್ಲಿ ಇದು ಸಾಮಾನ್ಯ.

ಲೋಹದ ಬಳೆಯ ತೂತು ಸವೆದಿದ್ದು, ಸುತ್ತ ಲೋಹ ಸಾಕಷ್ಟಿದ್ದರೆ, ಲೇತ್ ಇರುವ ವರ್ಕ್‌ಶಾಪಿನಲ್ಲಿ ತೂತನ್ನು 12 ಮಿ.ಮೀ.ಗೆ ಕೊರೆಸಿ, ಹೊರಗೆ 12, ಒಳಗೆ 8.2 ಮಿ.ಮೀ. ಇರುವ ಬುಷ್ ಒತ್ತಿ ಕೂರಿಸಬಹುದು. ಬುಷ್ಷಿಗೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನೇ ಕೇಳಿ. ಲೇತಿನವರು ನೈಲಾನ್ ಕಡ್ಡಿ ಇದೆ, ಅದೂ ಇದೂ ಒಂದೇ ಎನ್ನುತ್ತಾರೆ, ಒಪ್ಪಬೇಡಿ. ನೈಲಾನ್ ನೀರು ಕುಡಿದು ಊದುತ್ತದೆ. ಒಣಗಿದ್ದಾಗ ಸರಿಯಾಗಿ ಕೂತ ಬುಷ್ ಎರಡು ದಿನ ನೀರಿನಲ್ಲಿದ್ದರೆ ಗೂಟವನ್ನು ಕಚ್ಚಿ ಹಿಡಿಯುತ್ತದೆ.

ಗೂಟ ತಲೆಯಿಂದ ಬಿಟ್ಟಿದ್ದರೆ ತಪ್ಪು ರಿವೆಟ್ಟಿನದು. ಅಲ್ಯೂಮಿನಿಯಂ ತಲೆ, ಸ್ಟೇನ್‌ಲೆಸ್ ಗೂಟ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿ. ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ರಿವೆಟ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದು ಉಪ್ಪಲ್ಲ, ಕರಗಿದ ಲೋಹ. ಹಳೆಯ ರಿವೆಟ್ ಕೊರೆದು ತೆಗೆದು, 4.8 ಮಿ.ಮೀ. ಮೋನೆಲ್ (ನಿಕಲ್–ತಾಮ್ರದ ಮಿಶ್ರಲೋಹ) ಅಥವಾ ಸ್ಟೇನ್‌ಲೆಸ್ ರಿವೆಟ್ಟನ್ನು ಡ್ಯುರಾಲಾಕ್ ಅಥವಾ ಟೆಫ್‌ಜೆಲ್‌ನಂಥ ತಡೆಲೇಪ ಹಚ್ಚಿ ಹೊಡೆಯಿರಿ. ಅಲ್ಯೂಮಿನಿಯಂ ರಿವೆಟ್ ಅಗ್ಗ, ಆದರೆ ಕಾರವಾರ, ಮಲ್ಪೆಯ ನೀರಿನಲ್ಲಿ ಬೇಗ ಪುಡಿಯಾಗುತ್ತದೆ.

ಬಳೆ ಟ್ರಾನ್ಸಮಿನಿಂದ ಬಿಟ್ಟಿದೆ

ಕೈಪಿಡಿಯ ಮುಖ್ಯ ಭಾಗ ಇದು. ಒಂದೇ ಒಂದು ಸ್ಕ್ರೂ ತೆಗೆದು ನೋಡಿ, ಮುಕ್ಕಾಲು ವಿಷಯ ತಿಳಿಯುತ್ತದೆ.

ಸ್ಕ್ರೂ ಹೊಳೆಯುತ್ತಿದ್ದು ತೂತು ಒಣಗಿದ್ದರೆ ಅದೃಷ್ಟ. ನೀರು ತಡೆಯಲು ಸಂದಿಗೆ ತುಂಬಿದ ಸೀಲಂಟ್ ಮಾತ್ರ ಸತ್ತಿದೆ. ಸ್ಕ್ರೂ ಕಂದಾಗಿದ್ದು ನಡುಭಾಗ ಸಣಕಲಾಗಿದ್ದರೆ ನೀರು ಹೊಕ್ಕಿದೆ. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕ ತಾಗುವವರೆಗೆ ಮಾತ್ರ. ಗಾಳಿಯಾಡದ ಒದ್ದೆ ಸಂದಿಯಲ್ಲಿ ಅದು ಒಳಗೊಳಗೇ ಕೊರೆದುಹೋಗುತ್ತದೆ, ಹೊರಗಿನ ತಲೆ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ತೂತಿನಿಂದ ನೀರು ಜಿನುಗಿದರೆ, ಅಥವಾ ಸಣ್ಣ ಡ್ರಿಲ್ಲು ತಿರುಗಿಸಿದಾಗ ಕಪ್ಪಗಿನ ಒದ್ದೆ ಪುಡಿ ಬಂದರೆ, ಒಳಗಿನ ಮರ ಕೊಳೆಯುತ್ತಿದೆ. ಹಳೇ ಐದು ರೂಪಾಯಿಯ ದಪ್ಪ ನಾಣ್ಯದಿಂದ ಟ್ರಾನ್ಸಮಿನ ಮೇಲೆಲ್ಲ ತಟ್ಟುತ್ತ ಬನ್ನಿ: ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟ ಜಾಗ ಡಬ್ ಎನ್ನುತ್ತದೆ. ಡಬ್ ಎಂದ ಜಾಗದ ಗಡಿಯನ್ನು ಪೆನ್ಸಿಲಿನಲ್ಲಿ ಗುರುತಿಸಿ.

ನೀರು ನಿಜಕ್ಕೂ ಇಲ್ಲಿಂದಲೇ ಬರುತ್ತಿದೆಯೇ ಎಂದು ಖಚಿತಪಡಿಸಲು ಬೂಚು ತೂತುಗಳನ್ನೆಲ್ಲ ಮುಚ್ಚಿ, ಒಂದರಿಂದ ಬಾಯಲ್ಲೋ ಗಾಳಿಹಾಸಿಗೆಯ ಕಾಲ್ಪಂಪಿನಲ್ಲೋ ಮೆಲ್ಲಗೆ ಗಾಳಿ ಊದಿ, ಬಳೆಗಳ ಸುತ್ತ ಸೋಪುನೀರು ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಡೆಕ್ಕಿನ ಜೋಡಣೆಯೇ ಬಿಚ್ಚಿಕೊಂಡೀತು.

*ತೂತು ಗಟ್ಟಿಯಿದ್ದರೆ.* ಬಳೆ ತೆಗೆದು, ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ಅಸಿಟೋನ್ ಬಟ್ಟೆಯಿಂದ ಒರೆಸಿ. ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ ಒಂದು ಮಿಲಿಮೀಟರಿನಷ್ಟು ಇಳಿಜಾರು ಮಾಡಿ. ಇದರಿಂದ ಎರಡು ಲಾಭ: ಸ್ಕ್ರೂ ಬಿಗಿಯುವಾಗ ಫೈಬರಿನ ಹೊಳಪಿನ ಹೊರಪದರವಾದ ಜೆಲ್‌ಕೋಟ್ ಬಿರಿಯುವುದಿಲ್ಲ, ಆ ಇಳಿಜಾರಿನಲ್ಲಿ ಸೀಲಂಟ್ ಉಂಗುರದಂತೆ ನಿಲ್ಲುತ್ತದೆ. ಸೀಲಂಟ್ ಪಾಲಿಯುರೆಥೇನ್ ಇರಲಿ, ಸಿಕಾಫ್ಲೆಕ್ಸ್ 291ರ ಜಾತಿಯದು. ಬಚ್ಚಲುಮನೆಗೆ ಹಾಕುವ ಸಿಲಿಕೋನ್ ಬೇಡ, ಅದು ಹಿಡಿದುಕೊಳ್ಳುವುದು ಕಡಿಮೆ, ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಎಪಾಕ್ಸಿಯೂ ಬಣ್ಣವೂ ಕೂರುವುದಿಲ್ಲ. ಮತ್ತೆಂದೂ ಕೀಳಬೇಕಾಗಿಲ್ಲದ ಜಾಗಕ್ಕೆಂದು ಮಾಡಿದ 5200 ಬಗೆಯ ಅಂಟೂ ಬೇಡ, ಮುಂದಿನ ರಿಪೇರಿಯಲ್ಲಿ ಬಳೆಯ ಜೊತೆ ಜೆಲ್‌ಕೋಟೂ ಕಿತ್ತುಬರುತ್ತದೆ.

*ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ.* ಬೆಂಕಿಕಡ್ಡಿ ತುರುಕಿ ಸ್ಕ್ರೂ ತಿರುವುವುದು, ಎಂ-ಸೀಲ್‌ನಂಥ ಪುಟ್ಟಿ ಮೆತ್ತುವುದು, ಒಂದು ನಂಬರ್ ದಪ್ಪದ ಸ್ಕ್ರೂ ಹಾಕುವುದು, ಇವು ಮೂರೂ ಆ ದಿನ ದಡ ಮುಟ್ಟಲು ಸಾಕು. ರಿಪೇರಿ ಎನ್ನಬೇಕಾದರೆ ತೂತಿಗೆ ಎಪಾಕ್ಸಿಯ ಎರಕ ಹೊಯ್ಯಬೇಕು.

ಹಳೆಯ ತೂತನ್ನು 10 ಮಿ.ಮೀ.ಗೆ ಹಿಗ್ಗಿಸಿ. ಒಂದು ಮೊಳೆಯ ತುದಿಯನ್ನು 3 ಮಿ.ಮೀ.ಯಷ್ಟು ಲಂಬಕೋನಕ್ಕೆ ಬಗ್ಗಿಸಿ, ತಲೆ ಕತ್ತರಿಸಿ ಡ್ರಿಲ್ಲಿಗೆ ಸಿಕ್ಕಿಸಿ, ತೂತಿನೊಳಗೆ ಮೆಲ್ಲಗೆ ತಿರುಗಿಸಿ. ಹೊರಗಿನ ಫೈಬರಿನ ಹಿಂದೆ ಮರ ಕೊರೆದು ಮಡಕೆಯಂತೆ ಹೊಟ್ಟೆ ಏಳುತ್ತದೆ. ಅಲ್ಲಿ ತುಂಬಿದ ಎಪಾಕ್ಸಿಯ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಕಿತ್ತುಬರಲು ದಾರಿಯೇ ಇರದು. ಉಪ್ಪುನೀರಿನ ದೋಣಿಯಾದರೆ ಒಣಗಿಸುವ ಮೊದಲು ತೂತುಗಳನ್ನು ಸಿಹಿನೀರಿನಿಂದ ತೊಳೆಯಿರಿ, ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಆಮೇಲೆ ಒಣಗಿಸಿ. ಎಷ್ಟು ದಿನ ಎಂದು ಕೇಳಬೇಡಿ: ತೂತುಗಳ ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಾಲ್ಕೂ ಬದಿ ಟೇಪು ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲ. ಕರಾವಳಿಯಲ್ಲಿ ಈ ಕೆಲಸವನ್ನು ಜೂನ್–ಸೆಪ್ಟೆಂಬರಿನಲ್ಲಿ ಹಚ್ಚಿಕೊಂಡರೆ ಹನಿ ನಿಲ್ಲುವುದೇ ಇಲ್ಲ, ಡಿಸೆಂಬರಿನಿಂದ ಫೆಬ್ರವರಿವರೆಗೆ ಸರಿಯಾದ ಕಾಲ.

ಎಪಾಕ್ಸಿ ನಿಧಾನ ಗಟ್ಟಿಯಾಗುವ ಬಗೆಯದಿರಲಿ. ದೋಣಿ ಕಟ್ಟುವ ರೆಸಿನ್ ಸಿಗದಿದ್ದರೆ ಸ್ಟ್ಯಾಂಡರ್ಡ್ ಅರಾಲ್ಡೈಟ್ ನಡೆಯುತ್ತದೆ (ಗಾತ್ರದಲ್ಲಿ ಸಮಸಮ, ತೂಕದಲ್ಲಿ 100ಕ್ಕೆ 80). ಐದು ನಿಮಿಷದ್ದು ಬೇಡವೇ ಬೇಡ, ನೀರಿನಲ್ಲಿ ಅದರ ಹಿಡಿತ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಒಂದು ಸಲಕ್ಕೆ 30–40 ಗ್ರಾಮಿಗಿಂತ ಹೆಚ್ಚು ಕಲಸಬೇಡಿ. ಬಿಸಿ 10 ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ, ಬಟ್ಟಲಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ. ಮೊದಲು ತೆಳು ಎಪಾಕ್ಸಿಯನ್ನು ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯಿಂದ ಒಳಗೋಡೆಗೆಲ್ಲ ಕುಡಿಸಿ. ಹತ್ತು ನಿಮಿಷದ ಬಳಿಕ ಉಳಿದದ್ದಕ್ಕೆ ಸಿಲಿಕಾ ಪುಡಿ ಸೇರಿಸಿ ಶ್ರೀಖಂಡದ ಹದಕ್ಕೆ ತನ್ನಿ: ಚಮಚ ಓರೆ ಮಾಡಿದರೆ ಜಾರಬಾರದು. ಅದನ್ನು 10 ಮಿ.ಲೀ. ಸಿರಿಂಜಿಗೆ ತುಂಬಿ, ಮೂತಿಯನ್ನು ತೂತಿನ ತಳಕ್ಕೆ ತಾಗಿಸಿ, ಹಿಂದೆಳೆಯುತ್ತ ತುಂಬಿ. ಮೇಲಿನಿಂದ ತುಂಬಿದರೆ ತಳದಲ್ಲಿ ಗಾಳಿ ಉಳಿಯುತ್ತದೆ. ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಒಂದು ದಿನ ಬಿಡಿ.

ಮರುದಿನ ಮೇಲಿನ ಜಿಡ್ಡುಪೊರೆಯನ್ನು ನೀರಿನಿಂದ ಉಜ್ಜಿ ತೊಳೆದು, 80 ನಂಬರಿನ ಉಪ್ಪುಕಾಗದದಿಂದ ಸಮ ಮಾಡಿ. 4.8 ಮಿ.ಮೀ. ದಪ್ಪದ, ಅಂದರೆ 10 ನಂಬರಿನ ಸ್ಕ್ರೂಗೆ 3.8ರಿಂದ 4 ಮಿ.ಮೀ. ತೂತು ಕೊರೆಯಿರಿ. ಸ್ಕ್ರೂಗೆ ಮೇಣ ಸವರಿ ಒಮ್ಮೆ ಸೀಲಂಟ್ ಇಲ್ಲದೆಯೇ ತಿರುವಿ ತೆಗೆದು, ಮೇಣ ಒರೆಸಿ, ಆಮೇಲೆ ಸೀಲಂಟ್ ಹಾಕಿ ಕೂರಿಸಿ.

*ಒಳಗೆ ಕೈ ಹೋಗುವುದಾದರೆ* ಸ್ಕ್ರೂ ಮರೆತು ಬೋಲ್ಟು ಹಾಕಿ. ಆಪ್ಟಿಮಿಸ್ಟಿನಲ್ಲಿ ಹಿಂಬದಿಯ ಗಾಳಿಚೀಲ ಇಳಿಸಿದರೆ ನಟ್ಟುಗಳು ಸಿಗುತ್ತವೆ. ಲೇಸರಿನಲ್ಲಿ ತಪಾಸಣೆ ಕಿಂಡಿ ಕೊರೆಯಬೇಕು. ಒಳವ್ಯಾಸ 153 ಮಿ.ಮೀ. ಮೀರದ ಕಿಂಡಿಗೆ ಕ್ಲಾಸ್ ನಿಯಮ (ಸ್ಪರ್ಧೆಗಿಳಿಯುವ ಆ ಮಾದರಿಯ ದೋಣಿಗಳಿಗಿರುವ ನಿಯಮ) ಅನುಮತಿ ಕೊಡುತ್ತದೆ. ಬಳೆಯ ಜಾಗ ಬದಲಿಸಲು ಮಾತ್ರ ಕೊಡುವುದಿಲ್ಲ. ಬಳೆಯ ತೂತು ಒಪ್ಪಿದರೆ 5 ಮಿ.ಮೀ. ಬೋಲ್ಟು, ಒಳಗೆ 3 ಮಿ.ಮೀ. ಸ್ಟೇನ್‌ಲೆಸ್ ಅಥವಾ ಎಪಾಕ್ಸಿ ಕುಡಿಸಿದ 6 ಮಿ.ಮೀ. ಮೆರೈನ್ ಪ್ಲೈವುಡ್ ತುಂಡು, ಅದು ಬಳೆಗಿಂತ ಎಲ್ಲ ಬದಿಗೂ 20 ಮಿ.ಮೀ. ದೊಡ್ಡದಿರಲಿ. ದೊಡ್ಡ ವಾಷರ್, ಕೊನೆಗೆ ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವುದು). ಒಮ್ಮೆ ಬಿಚ್ಚಿದ ನೈಲಾಕ್ ನಟ್ಟು ಮತ್ತೆ ಬಳಸಬೇಡಿ.

ಬೋಲ್ಟು ಕೊಳ್ಳುವಾಗ ತಲೆಯ ಮೇಲಿನ ಅಚ್ಚು ನೋಡಿ. ಎ2-70 ಅಂದರೆ 304ರ ಜಾತಿ, ಕೆರೆ ನೀರಿಗೆ ಸಾಕು. ಎ4-70 ಅಂದರೆ 316ರ ಜಾತಿ, ಸಮುದ್ರಕ್ಕೆ ಇದೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನಂಥ ಜಾಗದಲ್ಲಿ ಅಯಸ್ಕಾಂತ ಹಿಡಿದು ತೋರಿಸಿ "ಅಂಟಲಿಲ್ಲ ನೋಡಿ ಸಾರ್, 316" ಎಂದರೆ ನಂಬಬೇಡಿ, 304 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಮೆಷಿನ್ನಿನಿಂದ ಸರ್ರನೆ ಓಡಿಸಬೇಡಿ, ಬಿಸಿಗೆ ಥ್ರೆಡ್ಡುಗಳು ಒಂದನ್ನೊಂದು ಕಚ್ಚಿ ಕೂರುತ್ತವೆ, ಆಮೇಲೆ ಗರಗಸವೇ ಗತಿ.

ಎರಡು ಬಳೆಗಳೂ ಒಂದೇ ನೇರದಲ್ಲಿರಲಿ

ಎಲ್ಲ ಸರಿ ಮಾಡಿ ಕೊನೆಯಲ್ಲಿ ಕೆಡಿಸಿಕೊಳ್ಳುವುದು ಇಲ್ಲಿ. ಬಳೆಗಳನ್ನು ಒಂದೊಂದಾಗಿ ಬಿಗಿದರೆ ಅವುಗಳ ತೂತುಗಳು ಒಂದೇ ಗೆರೆಯಲ್ಲಿ ಬೀಳುವುದು ಆಕಸ್ಮಿಕ. ಗೂಟದ ದಪ್ಪದ್ದೇ ಆದ 40 ಸೆಂ.ಮೀ. ಉದ್ದದ ನೇರ ಸರಳನ್ನು ಎರಡೂ ಬಳೆಗಳಿಗೆ ತೂರಿಸಿ, ಸರಳು ಬೆರಳ ಬಲಕ್ಕೆ ಸಲೀಸಾಗಿ ತಿರುಗುತ್ತಿರುವಾಗಲೇ ಸ್ಕ್ರೂಗಳನ್ನು ಕರ್ಣಕ್ಕೆ ಕರ್ಣ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಲ್ಲಿ ಸರಳು ಹಿಡಿಯುತ್ತದೋ ಅಲ್ಲಿ ನಿಲ್ಲಿಸಿ, ಆ ಬಳೆಯ ಹಿಂದೆ ತೆಳುವಾದ ಪ್ಲಾಸ್ಟಿಕ್ ಹಾಳೆ ಕೊಡಿ. ಸೀಲಂಟ್ ಸುತ್ತಲೂ ಸಮನಾಗಿ ಉಕ್ಕಿ ಬಂದರೆ ಸಾಕು. ಪೂರ್ತಿ ಹಿಂಡಿ ತೆಗೆದರೆ ನೀರು ತಡೆಯಲು ಒಳಗೆ ಏನೂ ಉಳಿಯುವುದಿಲ್ಲ. ಬೋಲ್ಟಾದರೆ ಮರುದಿನ ಬೋಲ್ಟಿನ ತಲೆ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ಕಾಲು ಸುತ್ತು ತಿರುಗಿಸಬಹುದು. ಸ್ಕ್ರೂವನ್ನು ಮಾತ್ರ ಸೀಲಂಟ್ ಒಣಗಿದ ಮೇಲೆ ಮುಟ್ಟಬೇಡಿ.

ಟ್ರಾನ್ಸಮಿನ ದಿಮ್ಮಿಯೇ ಕೊಳೆತು ನಾಣ್ಯದ ಡಬ್ ಸದ್ದು ಅಂಗೈಗಿಂತ ದೊಡ್ಡ ಜಾಗಕ್ಕೆ ಹರಡಿದ್ದರೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ಫೈಬರ್ ಕತ್ತರಿಸಿ, ದಿಮ್ಮಿ ಬದಲಿಸಿ, ಮತ್ತೆ ಪದರ ಹಾಕುವ ಆ ಕೆಲಸವನ್ನು ದೋಣಿ ಕಟ್ಟುವವರ ಶೆಡ್ಡಿಗೆ ಬಿಡುವುದು ಒಳ್ಳೆಯದು.

ನೀರಿನ ನಡುವೆ ಕಳಚಿಕೊಂಡರೆ

ಮೊದಲು ಚುಕ್ಕಾಣಿಯನ್ನು ದೋಣಿಯೊಳಗೆ ಎಳೆದುಕೊಳ್ಳಿ. ಒಂದೇ ಬಳೆಯಲ್ಲಿ ನೇತಾಡುತ್ತಿದ್ದರೆ ಅದು ಇನ್ನೊಂದನ್ನೂ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ಮೈಭಾರದಿಂದ ನಡೆಸಿ: ಗಾಳಿ ಹೋಗುವ ಬದಿಗೆ ದೋಣಿ ವಾಲಿಸಿ ಹಾಯಿ ಎಳೆದರೆ ಮೂತಿ ಗಾಳಿಯತ್ತ ತಿರುಗುತ್ತದೆ, ಗಾಳಿ ಬರುವ ಬದಿಗೆ ವಾಲಿಸಿ ಹಾಯಿ ಸಡಿಲಿಸಿದರೆ ಗಾಳಿಯಿಂದ ದೂರ ತಿರುಗುತ್ತದೆ. ಆಪ್ಟಿಮಿಸ್ಟಿನಲ್ಲಿ ಹುಟ್ಟು ಇದ್ದೇ ಇರುತ್ತದೆ, ಅದನ್ನು ಹಿಂದೆ ನೀರಿಗಿಳಿಸಿ ಹಿಡಿದರೆ ಸಾಕು.

ಕಳಚಿದ್ದು ದೋಣಿ ಮಗುಚಿದಾಗಲಾದರೆ ಬಳೆಯ ಮೇಲಿನ ತಡೆಕ್ಲಿಪ್ಪು ನೋಡಿ. ಗೂಟ ಮೇಲಕ್ಕೆ ಜಾರದಂತೆ ಹಿಡಿಯುವ ಆ ಸ್ಪ್ರಿಂಗ್ ಪಟ್ಟಿ ದಣಿದು ಗೋಡೆಗೆ ಅಂಟಿಕೊಂಡಿರುತ್ತದೆ. ಚುಕ್ಕಾಣಿ ಕೂರಿಸಿದಾಗ ಟಕ್ಕೆಂದು ಹೊರಚಿಮ್ಮಬೇಕು. ತಲೆ ಹಿಡಿದು ಜೋರಾಗಿ ಮೇಲಕ್ಕೆತ್ತಿದರೂ ಬರಬಾರದು. ಚಿಮ್ಮದಿದ್ದರೆ ಬಗ್ಗಿಸಿ ಸರಿಮಾಡುವುದಕ್ಕಿಂತ ಹೊಸದು ಹಾಕುವುದೇ ಲೇಸು. ಅದರ ಮೇಲೂ 3 ಮಿ.ಮೀ. ದಾರವೊಂದನ್ನು ಚುಕ್ಕಾಣಿಯ ತಲೆಯಿಂದ ದೋಣಿಗೆ ಕಟ್ಟಿಡಿ.

ರಿಪೇರಿಯ ಬಳಿಕ

ಎಪಾಕ್ಸಿ ತುಂಬಿದ ದೋಣಿಯನ್ನು ಐದಾರು ದಿನ ಜೋರು ಗಾಳಿಗೆ ಒಯ್ಯಬೇಡಿ. ಒಣಗಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯಿಂದ ಬಳೆಯ ಮೇಲಕ್ಕೂ, ಬಳೆಯ ಅಂಚಿನಿಂದ ಟ್ರಾನ್ಸಮಿನ ಮೇಲಕ್ಕೂ ಅಳಿಸದ ಮಾರ್ಕರಿನಿಂದ ಒಂದು ತೆಳು ಗೆರೆ ಎಳೆಯಿರಿ. ಮೂರು ಸಲ ನೀರಿಗಿಳಿದು ಬಂದ ಮೇಲೆ ನೋಡಿ. ಸ್ಕ್ರೂ ತಲೆಯ ಮೇಲಿನ ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ, ಬಳೆಯ ಅಂಚಿನ ಗೆರೆ ಮುರಿದಿದ್ದರೆ ಇಡೀ ಬಳೆ ಸರಿದಿದೆ. ಮೊದಲನೆಯದಾದರೆ ಸ್ಕ್ರೂ ತೆಗೆದು ಹೊಸ ಸೀಲಂಟಿನಲ್ಲಿ ಕೂರಿಸಿದರೆ ಆದೀತು. ಎರಡನೆಯದಾದರೆ ಎಪಾಕ್ಸಿ ಒದ್ದೆ ಮರಕ್ಕೆ ಹಿಡಿದಿಲ್ಲ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಿಂದ ಮತ್ತೆ ಶುರುಮಾಡಿ.